ಮಾದರಿ ವಿಮಾನಗಳೂ ಬಯಲಿನ ಮರ್ಯಾದೆಯೂ

ಆಷಾಢದ ಗಾಳಿ ಬೀಸತೊಡಗಿತೆಂದರೆ ನಮ್ಮ ನಾಡಿನ ಹುಡುಗರ ಕೈಗಳು ಸುಮ್ಮನಿರಲಾರವು. ಬಣ್ಣದ ಕಾಗದ, ಬಿದಿರಿನ ಕಡ್ಡಿ, ಅಂಟು, ದಾರ—ಇಷ್ಟಿದ್ದರೆ ಸಾಕು, ಸಂಜೆಯ ಹೊತ್ತಿಗೆ ಊರ ಬಯಲಿನ ಮೇಲೆ ಗಾಳಿಪಟಗಳು ತೇಲಾಡುವುವು. ಗಾಜಿನ ಪುಡಿ ಸವರಿದ ಮಾಂಜಾ ದಾರದ ಮಾತು ಬೇರೆ. ಅದನ್ನು ಬಿಟ್ಟರೆ ಗಾಳಿಪಟವು ಬಹು ಸಾಧುವಾದ ವಸ್ತು. ಎಷ್ಟೇ ಎತ್ತರಕ್ಕೆ ಏರಿದರೂ ಅದರ ದಾರವು ನಮ್ಮ ಕೈಯಲ್ಲಿರುವುದು. ದಾರವು ಹರಿದರೂ ಆ ಹಗುರವಾದ ಕಾಗದವು ಯಾರ ತಲೆಯ ಮೇಲೆ ಬಿದ್ದರೂ ಕೇಡಿಲ್ಲ.

ಈಗ ಪಟ್ಟಣಗಳ ಹೊರವಲಯದ ಬಯಲುಗಳಲ್ಲಿ ಭಾನುವಾರದ ಬೆಳಗ್ಗೆ ಬೇರೊಂದು ಹಾರುವ ವಸ್ತುವನ್ನು ಕಾಣಬಹುದು. ನಾಲ್ಕೈದು ಅಡಿಗಳ ರೆಕ್ಕೆ, ಮೂತಿಯಲ್ಲಿ ತಿರುಗುವ ಪ್ರೊಪೆಲರು, ಹೊಟ್ಟೆಯಲ್ಲಿ ಬ್ಯಾಟರಿ—ಎಲ್ಲ ವಿಧದಲ್ಲಿಯೂ ದೊಡ್ಡ ವಿಮಾನದ ಪಡಿಯಚ್ಚು. ಇದಕ್ಕೆ ದಾರವಿಲ್ಲ. ನೆಲದ ಮೇಲೆ ನಿಂತವನ ಕೈಯಲ್ಲಿರುವ ಟ್ರಾನ್ಸ್‌ಮಿಟರಿನಿಂದ ಹೊರಡುವ, ಕಣ್ಣಿಗೆ ಕಾಣದ ರೇಡಿಯೋ ಅಲೆಗಳೇ ಇದರ ದಾರ. ಶಾಲೆಯ ಮಕ್ಕಳು, ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು, ನಿವೃತ್ತರಾದ ಹಿರಿಯರು, ಎಲ್ಲರೂ ಈ ವಿನೋದಕ್ಕೆ ಮನಸೋತಿರುವರು. ನ್ಯಾಷನಲ್ ಕೆಡೆಟ್ ಕೋರಿನ ವಾಯುದಳದ ವಿಭಾಗದಲ್ಲಿ ಇದು ತರಬೇತಿಯ ಒಂದು ಅಂಗವೇ ಆಗಿರುವುದು. ಮನೆಯ ಮಗನೋ ಮಗಳೋ ನಾಳೆ ಇಂಥದೊಂದನ್ನು ಹಿಡಿದುಕೊಂಡು ಬಯಲಿಗೆ ಹೊರಟುನಿಂತರೆ ಗೃಹಸ್ಥನಾದವನು ಏನನ್ನು ತಿಳಿದಿರಬೇಕು? ಅದನ್ನು ಇಲ್ಲಿ ವಾಚಕರ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ.

ಆಟಿಕೆಯೆನ್ನಬಹುದೆ?

ಮಾದರಿ ವಿಮಾನವು ಗೌರವಕ್ಕೆ ತಕ್ಕ ವಂಶದಲ್ಲಿ ಹುಟ್ಟಿದುದು. ೧೮೭೧ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ಆಲ್ಫೋನ್ಸ್ ಪೆನೋ ಎಂಬಾತನು ತಿರುಚಿದ ರಬ್ಬರಿನ ಎಳೆಯ ಬಲದಿಂದ ಹಾರುವ ಪುಟ್ಟ ವಿಮಾನವೊಂದನ್ನು ಪ್ಯಾರಿಸಿನ ಉದ್ಯಾನದಲ್ಲಿ ಹಾರಿಸಿ ತೋರಿಸಿದನು. ಅದು ಸುಮಾರು ೧೧ ಸೆಕೆಂಡುಗಳಲ್ಲಿ ಸುಮಾರು ೪೦ ಮೀಟರು ದೂರ ಸ್ಥಿರವಾಗಿ ಹಾರಿತು. ೧೮೭೮ರಲ್ಲಿ ಅಮೆರಿಕದ ಮಿಲ್ಟನ್ ರೈಟ್ ಎಂಬ ಗೃಹಸ್ಥನು ರಬ್ಬರಿನಿಂದಲೇ ಮೇಲೇರುವ ಒಂದು ಹಾರುವ ಆಟಿಕೆಯನ್ನು ತನ್ನ ಮಕ್ಕಳಿಗೆ ತಂದುಕೊಟ್ಟನು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್. ಮುಂದೆ ೧೯೦೩ರಲ್ಲಿ ಮನುಷ್ಯನನ್ನು ಹೊತ್ತ ವಿಮಾನವನ್ನು ಹಾರಿಸಿ ಲೋಕಪ್ರಸಿದ್ಧರಾದ ಆ ಸೋದರರು, ತಮ್ಮ ಆಸಕ್ತಿಗೆ ಆ ಆಟಿಕೆಯೇ ಬೀಜವೆಂದು ಹೇಳಿಕೊಂಡಿರುವರು. ಆದುದರಿಂದ ಮಕ್ಕಳ ಇಂಥ ಹವ್ಯಾಸವನ್ನು ಹಿರಿಯರು ಹಗುರವಾಗಿ ಕಾಣಬಾರದು.

ಹಗುರವಾಗಿ ಕಾಣಬಾರದೆಂಬುದಕ್ಕೆ ಎರಡನೆಯ ಕಾರಣವೂ ಉಂಟು. ರಬ್ಬರಿನ ಕಾಲ ಕಳೆದು ಬಹುದಿನಗಳಾದುವು. ಈಗಿನ ಸಾಮಾನ್ಯವಾದ ಒಂದು ಮಾದರಿ ಎರಡು ಕಿಲೋಗ್ರಾಮು ತೂಗಿ ಗಂಟೆಗೆ ೧೦೮ ಕಿಲೋಮೀಟರು ವೇಗದಲ್ಲಿ ಹೋಗುವುದೆಂದಿಟ್ಟುಕೊಳ್ಳೋಣ. ಆಗ ಅದರಲ್ಲಿ ಅಡಗಿರುವ ಶಕ್ತಿ ೯೦೦ ಜೂಲು. ೨೦ ಕಿಲೋಗ್ರಾಮಿನ ಗುಂಡುಕಲ್ಲೊಂದು ೧೫ ಅಡಿ ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು! ಇನ್ನು ಪ್ರೊಪೆಲರಿನ ಮಾತು. ಹತ್ತು ಅಂಗುಲದ ಪ್ರೊಪೆಲರು ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವಾಗ ಅದರ ತುದಿಯ ವೇಗವು ಗಂಟೆಗೆ ಸುಮಾರು ೪೮೦ ಕಿಲೋಮೀಟರು. ಅದು ತಿರುಗುವಾಗ ಕಣ್ಣಿಗೆ ಬರಿಯ ಮಂಜಿನಂತೆ ಕಾಣುವುದು. ಬೆರಳು ತಗುಲಿದಾಗ ಮಾತ್ರ ಅದು ಕತ್ತಿಯೆಂದು ತಿಳಿಯುವುದು.

೨೦೧೩ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಉದ್ಯಾನವೊಂದರಲ್ಲಿ, ಈ ವಿದ್ಯೆಯಲ್ಲಿ ಚೆನ್ನಾಗಿ ನುರಿತ ಹತ್ತೊಂಬತ್ತು ವರ್ಷದ ತರುಣನೊಬ್ಬನು ತಾನು ಹಾರಿಸುತ್ತಿದ್ದ ಮಾದರಿ ಹೆಲಿಕಾಪ್ಟರೇ ತಲೆಗೆ ಬಡಿದು ಪ್ರಾಣ ನೀಗಿದನು. ಭಯಪಡಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಇಂಥ ಮರಣಗಳು ಬಹು ವಿರಳ. ಆದರೆ ಅವು ವಿರಳವಾಗಿರುವುದು ಯಂತ್ರದ ಸಾಧುತನದಿಂದಲ್ಲ, ಅದನ್ನು ಹಾರಿಸುವವರು ತಮ್ಮೊಳಗೆ ಕಟ್ಟಿಕೊಂಡ ನಿಯಮಗಳಿಂದ. ಅಮೆರಿಕದಲ್ಲಿ ೧೯೩೬ರಲ್ಲಿ ಸ್ಥಾಪಿತವಾದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ಎಂಬ ಸಂಘವು ಇಂಥ ನಿಯಮಾವಳಿಯನ್ನು ತನ್ನ ಸದಸ್ಯರಿಗಾಗಿ ರಚಿಸಿ ನಡೆಯಿಸಿಕೊಂಡು ಬಂದಿರುವುದು. ಲೋಕದ ಬೇರೆ ಬೇರೆ ಕಡೆಗಳಲ್ಲಿ ಪದ್ಧತಿಗಳು ಸ್ವಲ್ಪ ಸ್ವಲ್ಪ ಬೇರೆಯಾದರೂ ಅವುಗಳ ತಿರುಳು ಒಂದೇ.

ಎಚ್ಚರವು ಮನೆಯಲ್ಲಿಯೇ ಆರಂಭವಾಗಬೇಕು

ಬಯಲಿಗೆ ಹೋಗುವ ಮೊದಲೇ ಅಪಾಯವು ಮನೆಯೊಳಗೆ ಕುಳಿತಿರಬಹುದು. ಈ ವಿಮಾನಗಳಲ್ಲಿ ಬಳಸುವ ಲಿಥಿಯಂ ಪಾಲಿಮರ್ ಬ್ಯಾಟರಿಯು ಅಂಗೈಯಲ್ಲಿ ಹಿಡಿಯುವಷ್ಟಿದ್ದರೂ ಅದರಲ್ಲಿ ತುಂಬಿರುವ ಶಕ್ತಿ ಬಹಳ. ಅದರ ಪ್ರತಿಯೊಂದು ಸೆಲ್ಲನ್ನೂ ೪.೨ ವೋಲ್ಟಿಗೆ ಮೀರಿ ಚಾರ್ಜು ಮಾಡಿದರೂ, ಚುಚ್ಚಿದರೂ, ಜಜ್ಜಿದರೂ ಅದು ಉಬ್ಬಿ, ಹೊಗೆಯುಗುಳಿ, ಒಮ್ಮೆಲೆ ಹೊತ್ತಿಕೊಂಡು ಉರಿಯಬಹುದು. ಆ ಹೊಗೆಯೂ ವಿಷಕಾರಿ. ಆದುದರಿಂದ ಹಾಸಿಗೆಯ ಮೇಲೆ, ಮರದ ಮೇಜಿನ ಮೇಲೆ, ಪುಸ್ತಕದ ಕಪಾಟಿನ ಪಕ್ಕದಲ್ಲಿ ಚಾರ್ಜು ಮಾಡಲೇಕೂಡದು. ಕಲ್ಲಿನ ನೆಲವೋ ಕಡಪಾ ಚಪ್ಪಡಿಯೋ ಇದಕ್ಕೆ ತಕ್ಕ ಸ್ಥಳ. ಪಕ್ಕದಲ್ಲಿ ಒಣ ಮರಳಿನ ಬಕೆಟ್ಟೊಂದಿರಬೇಕು. ಸೆಲ್ಲುಗಳನ್ನು ಸಮವಾಗಿ ತುಂಬುವ ಚಾರ್ಜರನ್ನೇ ಉಪಯೋಗಿಸಬೇಕು. ೨೨೦೦ ಮಿಲಿ ಆಂಪಿಯರ್ ಅವರಿನ ಬ್ಯಾಟರಿಯನ್ನು ೨.೨ ಆಂಪಿಯರಿನಲ್ಲಿ, ಎಂದರೆ ಒಂದು ಗಂಟೆಯ ಲೆಕ್ಕದಲ್ಲಿ, ತುಂಬಿದರೆ ಕ್ಷೇಮ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಚಾರ್ಜು ಆಗುತ್ತಿರುವಾಗ ಒಬ್ಬರು ಅಲ್ಲಿಯೇ ಇರಬೇಕು. ರಾತ್ರಿ ಹಚ್ಚಿಟ್ಟು ಮಲಗುವ ಅಭ್ಯಾಸವನ್ನು ಮನೆಯ ಯಜಮಾನರು ಖಂಡಿತವಾಗಿ ತಡೆಯತಕ್ಕದ್ದು. ಒಲೆಯ ಮೇಲೆ ಹಾಲಿಟ್ಟು ಹೊರಗೆ ಹೋಗಬಾರದೆಂಬುದು ತಿಳಿದ ತಾಯಂದಿರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಮನೆಯ ಮೇಜಿನ ಮೇಲೆ ಮೋಟಾರನ್ನು ಪರೀಕ್ಷಿಸುವಾಗ ಪ್ರೊಪೆಲರನ್ನು ಬಿಚ್ಚಿಡಬೇಕೆಂಬುದು ಎರಡನೆಯ ನಿಯಮ. ಎಣ್ಣೆಯ ಇಂಜಿನು ಬೆರಳಿಗೆ ಸಿಕ್ಕರೆ ನಿಂತುಹೋದರೂ ಹೋಗಬಹುದು. ವಿದ್ಯುತ್ ಮೋಟಾರು ಹಾಗಲ್ಲ. ತಡೆದಷ್ಟೂ ಅದು ಹೆಚ್ಚು ಬಲದಿಂದ ತಿರುಗಲೆತ್ನಿಸುವುದು. ಬ್ಯಾಟರಿಯ ತಂತಿಯನ್ನು ಜೋಡಿಸಿದ ಕ್ಷಣದಿಂದ, ಮೋಟಾರು ನಿಶ್ಶಬ್ದವಾಗಿದ್ದರೂ, ಅದು ಯಾವ ಗಳಿಗೆಯಲ್ಲಿಯಾದರೂ ತಿರುಗುವುದೆಂದೇ ಎಣಿಸಬೇಕು. ತೋಳು ತಾಗಿ ಟ್ರಾನ್ಸ್‌ಮಿಟರಿನ ಕೋಲು ಅಲುಗಿದರೆ ಸಾಕು, ಹಾವಿನ ಹೆಡೆಯಂತೆ ಅದು ಎದ್ದುನಿಲ್ಲುವುದು.

ಎಲ್ಲಿ ಹಾರಿಸಬೇಕು?

ಮೈದಾನವೆಂದ ಮಾತ್ರಕ್ಕೆ ಎಲ್ಲ ಮೈದಾನವೂ ಇದಕ್ಕೆ ತಕ್ಕುದಲ್ಲ. ಮಕ್ಕಳು ಚೆಂಡಾಡುವ ಬಯಲು, ಮನೆಗಳ ನಡುವಣ ಪಾರ್ಕು, ವಿದ್ಯುತ್ತಿನ ತಂತಿಗಳು ಹಾದುಹೋಗುವ ಹೊಲ, ರಸ್ತೆಯ ಪಕ್ಕದ ಬೀಳು—ಇವೊಂದೂ ಆಗದು. ಸುತ್ತಲೂ ವಿಶಾಲವಾಗಿ ಬರಿಯ ನೆಲವಿರಬೇಕು, ಜನಸಂಚಾರವಿರಕೂಡದು, ನೆಲದ ಒಡೆಯನ ಒಪ್ಪಿಗೆಯಿರಬೇಕು. ವಿದ್ಯುತ್ ತಂತಿಯ ಮೇಲೆ ವಿಮಾನವು ಸಿಕ್ಕಿಕೊಂಡರೆ ಕೋಲು ಹಿಡಿದು ತೆಗೆಯಲು ಹೋಗುವುದು ಯಮನನ್ನು ಕರೆದಂತೆ. ಅದನ್ನು ಅಲ್ಲಿಯೇ ಬಿಟ್ಟು ವಿದ್ಯುತ್ ಇಲಾಖೆಯವರಿಗೆ ತಿಳಿಸುವುದೊಂದೇ ದಾರಿ.

ಆಕಾಶಕ್ಕೂ ಕಾನೂನುಂಟು. ೨೦೨೧ನೆಯ ಇಸವಿಯ ಆಗಸ್ಟ್ ೨೫ರಂದು ಭಾರತ ಸರ್ಕಾರವು ಪ್ರಕಟಿಸಿದ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಹೆಸರಿಸಿ ಹೇಳಿರುವುವು. ಒಟ್ಟು ತೂಕ ೨೫ ಕಿಲೋಗ್ರಾಮನ್ನು ಮೀರದೆ, ವಿದ್ಯಾಭ್ಯಾಸ, ಸಂಶೋಧನೆ, ಪರೀಕ್ಷೆ ಅಥವಾ ವಿನೋದಕ್ಕಾಗಿ ಮಾತ್ರವೇ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹಾರಿಸುವಂಥದು ಮಾದರಿಯೆನ್ನಿಸುವುದು. ಆ ನಿಯಮಗಳಂತೆ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿದೆ. ಹಸಿರು ವಲಯದಲ್ಲಿ ೪೦೦ ಅಡಿಗಳವರೆಗೂ, ವಿಮಾನ ನಿಲ್ದಾಣದ ಎಲ್ಲೆಯಿಂದ ೮ ರಿಂದ ೧೨ ಕಿಲೋಮೀಟರುಗಳ ನಡುವಣ ಪ್ರದೇಶದಲ್ಲಿ ೨೦೦ ಅಡಿಗಳವರೆಗೂ ಹಾರಾಟಕ್ಕೆ ಮುಂಗಡ ಅಪ್ಪಣೆ ಬೇಕಿಲ್ಲ. ಅದಕ್ಕಿಂತ ಎತ್ತರಕ್ಕೋ ನಿಲ್ದಾಣದ ಸಮೀಪಕ್ಕೋ ಹೋಗಬೇಕಾದರೆ ಅಪ್ಪಣೆ ಅವಶ್ಯಕ. ಬೆಂಗಳೂರಿನವರು ಇದನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ದೇವನಹಳ್ಳಿಯ ನಿಲ್ದಾಣ, ಹಿಂದೂಸ್ಥಾನ್ ಏರೋನಾಟಿಕ್ಸ್‌ನವರ ನಿಲ್ದಾಣ, ಯಲಹಂಕದ ವಾಯುನೆಲೆ, ಜಕ್ಕೂರಿನ ವಿಮಾನ ಶಾಲೆಯ ಬಯಲು—ಇಷ್ಟು ಒಂದೇ ಪಟ್ಟಣದ ಆಸುಪಾಸಿನಲ್ಲಿವೆ. ನಮ್ಮ ಕಣ್ಣಿಗೆ ಖಾಲಿಯಾಗಿ ತೋರುವ ಕೆರೆಯಂಗಳದ ಮೇಲಣ ಆಕಾಶವು ನಿಜವಾಗಿ ಖಾಲಿಯಾಗಿಲ್ಲದಿರಬಹುದು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದುಂಟಾದುದರಿಂದ ಹೊರಡುವ ಮೊದಲು ಸರ್ಕಾರದ ವಾಯುವಲಯದ ನಕ್ಷೆಯನ್ನು ನೋಡಿಕೊಳ್ಳುವುದು ಒಳ್ಳಿತು.

ಮನುಷ್ಯರನ್ನು ಹೊತ್ತ ವಿಮಾನವು ಕಂಡರೆ ಅಥವಾ ಅದರ ಸದ್ದು ಕೇಳಿದರೆ ಮಾದರಿ ವಿಮಾನವು ತಗ್ಗಿ ದಾರಿ ಬಿಡಬೇಕು. ಇದರಲ್ಲಿ ವಾದಕ್ಕೆಡೆಯಿಲ್ಲ. ೨೦೧೦ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲೊರಾಡೊ ಪ್ರಾಂತದ ಬ್ರೈಟನ್ ಎಂಬಲ್ಲಿ ದೊಡ್ಡ ಮಾದರಿ ವಿಮಾನವೊಂದು ಜೋಡಿರೆಕ್ಕೆಯ ನಿಜವಾದ ವಿಮಾನಕ್ಕೆ ಆಕಾಶದಲ್ಲಿಯೇ ಡಿಕ್ಕಿ ಹೊಡೆಯಿತು. ಜೋಡಿರೆಕ್ಕೆಯ ವಿಮಾನದ ರೆಕ್ಕೆ ಜಖಂಗೊಂಡರೂ ಅದು ಕ್ಷೇಮವಾಗಿ ಇಳಿದುದು ಪುಣ್ಯವೆನ್ನಬೇಕು. ಮಾದರಿಯನ್ನು ಹಾರಿಸುವವನು ನೆಲದ ಮೇಲೆ ನಿಂತಿರುವನು. ಮೇಲಿರುವವರಿಗೆ ಕಾಲೂರಲು ನೆಲವಿಲ್ಲ. ಯಾರು ದಾರಿ ಬಿಡಬೇಕೆಂಬುದನ್ನು ಈ ಒಂದು ಮಾತೇ ಹೇಳುವುದು.

ಬಯಲಿನ ಗೆರೆ

ಚೆನ್ನಾಗಿ ನಡೆಯುವ ಬಯಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಒಂದು ಗೆರೆ. ಸುಣ್ಣದಿಂದ ಎಳೆದುದಾಗಲಿ, ಗೂಟ ನೆಟ್ಟು ಹಗ್ಗ ಕಟ್ಟಿದುದಾಗಲಿ, ಅದು ಬಯಲನ್ನು ಎರಡು ಭಾಗ ಮಾಡುವುದು. ಗೆರೆಯ ಮುಂದೆ ವಿಮಾನಗಳ ಓಡುದಾರಿ ಮತ್ತು ಆಕಾಶ; ಗೆರೆಯ ಹಿಂದೆ ಮನುಷ್ಯರು. ಹಾರಿಸುವವರು ಗೆರೆಯ ಹತ್ತಿರ ಒಬ್ಬರ ಪಕ್ಕದಲ್ಲೊಬ್ಬರು ನಿಲ್ಲುವರು. ಅವರ ಹಿಂದೆ ಯಂತ್ರಗಳನ್ನು ಜೋಡಿಸುವ ಸ್ಥಳ, ಅದಕ್ಕೂ ಹಿಂದೆ ನೋಡಬಂದವರು, ಮಕ್ಕಳು, ವಾಹನಗಳು. ವಿಮಾನವು ಯಾವ ಕಾರಣಕ್ಕೂ ಈ ಗೆರೆಯನ್ನು ದಾಟಿ ಜನರ ತಲೆಯ ಮೇಲೆ ಬರಕೂಡದು. ಚಮತ್ಕಾರವನ್ನು ತೋರಿಸುವ ಹುರುಪಿನಲ್ಲಿ ಮಕ್ಕಳ ಮೇಲಿಂದ ವಿಮಾನವನ್ನು ಸುಯ್ಯೆಂದು ಹಾಯಿಸುವವನಿಗೆ ಚಪ್ಪಾಳೆ ತಟ್ಟುವುದು ತಪ್ಪು. ಅವನನ್ನು ಕೂಡಲೇ ಕೆಳಗಿಳಿಸಿ ಬುದ್ಧಿ ಹೇಳಬೇಕು.

ಹಾರಿಸುವ ಮೊದಲು ಮಾಡತಕ್ಕ ಪರೀಕ್ಷೆಗಳು ಕೆಲವುಂಟು. ಇವುಗಳಿಗೆ ಐದು ನಿಮಿಷ ಸಾಕು. ಟ್ರಾನ್ಸ್‌ಮಿಟರನ್ನು ಮೊದಲು ಹಾಕಿ, ಆಮೇಲೆ ವಿಮಾನದ ಬ್ಯಾಟರಿಯನ್ನು ಜೋಡಿಸಬೇಕು. ಮುಗಿಸುವಾಗ ಇದಕ್ಕೆ ತಿರುವುಮುರುವು. ಅಲೆಗಳ ಬಲವನ್ನು ತಗ್ಗಿಸಿ, ಕೆಲವು ಹೆಜ್ಜೆ ದೂರ ನಡೆದು, ವಿಮಾನವು ಅಪ್ಪಣೆಯನ್ನು ಕೇಳುವುದೋ ಇಲ್ಲವೋ ನೋಡಬೇಕು. ಕೋಲನ್ನು ಬಲಕ್ಕೆ ಸರಿಸಿದರೆ ಬಲರೆಕ್ಕೆಯ ಅಂಚಿನ ಪಟ್ಟಿಯು ಮೇಲಕ್ಕೆ ಏಳಬೇಕು. ಕೆಳಕ್ಕೆ ಬಗ್ಗಿದರೆ ತಂತಿ ತಿರುವಾಗಿದೆಯೆಂದರ್ಥ. ಇದನ್ನು ನೋಡದೆ ಹಾರಿಸಿದ ವಿಮಾನವು ನೆಲ ಬಿಟ್ಟ ಮರುಗಳಿಗೆಯಲ್ಲಿಯೇ ಮಗುಚಿಕೊಳ್ಳುವುದು. ಕೊನೆಯದಾಗಿ, ವಿಮಾನವನ್ನು ಭದ್ರವಾಗಿ ಹಿಡಿಸಿ ಅಥವಾ ಪ್ರೊಪೆಲರನ್ನು ಬಿಚ್ಚಿ, ಟ್ರಾನ್ಸ್‌ಮಿಟರನ್ನು ಆರಿಸಿ ನೋಡಬೇಕು. ಆಗ ಮೋಟಾರು ತಾನಾಗಿಯೇ ನಿಲ್ಲಬೇಕು. ಕಾಣದ ದಾರವು ಹರಿದರೆ ವಿಮಾನವು ಏನು ಮಾಡಬೇಕೆಂಬುದನ್ನು ಮೊದಲೇ ಕಲಿಸಿಡುವ ಏರ್ಪಾಡಿದು. ಇದಿಲ್ಲದಿದ್ದರೆ ಒಡೆಯನ ಮಾತು ಕೇಳಿಸದ ಯಂತ್ರವು ಪೂರ್ಣವೇಗದಲ್ಲಿ ಊರ ಕಡೆಗೆ ಓಡಿಹೋಗಬಹುದು.

ಪ್ರೊಪೆಲರು ತಿರುಗುತ್ತಿರುವಾಗ ಅದರ ಮುಂದಾಗಲಿ, ಅದರ ಸುತ್ತಿನ ನೇರದಲ್ಲಾಗಲಿ ಯಾರೂ ನಿಲ್ಲಬಾರದು. ಸರಿಪಡಿಸುವುದೇನಿದ್ದರೂ ಹಿಂದಿನಿಂದ. ಸಡಿಲವಾದ ಶಲ್ಯ, ಸೆರಗು, ಕತ್ತಿನ ಸರ, ಇಳಿಬಿದ್ದ ಜಡೆ ಇವುಗಳನ್ನು ಕಟ್ಟಿಕೊಂಡೇ ಹತ್ತಿರ ಹೋಗತಕ್ಕದ್ದು. ಬಿರುಕುಬಿಟ್ಟ ಪ್ರೊಪೆಲರನ್ನು ಅಂಟು ಹಚ್ಚಿ ಮತ್ತೆ ಬಳಸುವ ಮಿತವ್ಯಯವು ಮಿತವ್ಯಯವೇ ಅಲ್ಲ. ಅದನ್ನು ಮುರಿದು ಎಸೆಯಬೇಕು.

ಕೂಗಿ ಹೇಳುವ ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬುದು ನಮ್ಮವರ ಗಾದೆ. ವಿಮಾನದ ಬಯಲಿನಲ್ಲಿ ಮಾತು ಬಲ್ಲವನಿಗೆ ಅಪಾಯವೂ ಕಡಮೆ. ಹಾರಿಸುವವನ ಕಣ್ಣು ಸದಾ ಆಕಾಶದಲ್ಲಿರುವುದರಿಂದ ಪಕ್ಕದವನು ಏನು ಮಾಡುತ್ತಿರುವನೆಂದು ಅವನಿಗೆ ಕಾಣದು, ಕಿವಿಯಿಂದಲೇ ತಿಳಿಯಬೇಕು. ಆದುದರಿಂದ ಏರುವಾಗ ‘ಟೇಕಾಫ್’ ಎಂದೂ, ಇಳಿಯುವಾಗ ‘ಲ್ಯಾಂಡಿಂಗ್’ ಎಂದೂ ಗಟ್ಟಿಯಾಗಿ ಕೂಗಬೇಕು. ಮೋಟಾರು ನಡುವೆ ನಿಂತುಹೋದರೆ ‘ಡೆಡ್‌ಸ್ಟಿಕ್’ ಎಂಬ ಕೂಗು ಏಳುವುದು. ಆಗ ಉಳಿದವರೆಲ್ಲರೂ ಓಡುದಾರಿಯನ್ನು ತೆರವುಮಾಡಿಕೊಡಬೇಕು. ಏಕೆಂದರೆ ಬಲವಿಲ್ಲದ ವಿಮಾನವು ಮತ್ತೊಂದು ಸುತ್ತು ಹಾಕಲಾರದು. ಬಿದ್ದ ಚಕ್ರವನ್ನೋ ನಿಂತ ವಿಮಾನವನ್ನೋ ತರಲು ಯಾರಾದರೂ ಗೆರೆ ದಾಟಬೇಕಾದರೆ ಮೊದಲು ಕೂಗಿ, ಹಾರಿಸುವವರೆಲ್ಲರೂ ‘ಆಗಲಿ’ ಎಂದ ಮೇಲೆ ದಾಟಬೇಕು. ಹೊರಬಂದ ಮೇಲೆ ಬಂದೆನೆಂದು ಮತ್ತೆ ಕೂಗಿ ತಿಳಿಸಬೇಕು. ಕೂಗುವುದಕ್ಕೆ ನಾಚಿಕೆಪಡುವ ಹೊಸಬರುಂಟು. ನಾಚಿಕೆಯು ಬೇರೆಡೆ ಭೂಷಣವಾದರೂ ಇಲ್ಲಿ ಸಲ್ಲದು.

ಹಿಂದೆ ಇಂಥ ಬಯಲುಗಳಲ್ಲಿ ಇನ್ನೊಂದು ಸೊಗಸಾದ ಪದ್ಧತಿಯಿದ್ದಿತು. ಆಗಿನ ಟ್ರಾನ್ಸ್‌ಮಿಟರುಗಳಿಗೆ ಒಂದೊಂದು ನಿಗದಿಯಾದ ಚಾನಲು. ಒಂದೇ ಚಾನಲಿನ ಎರಡು ಟ್ರಾನ್ಸ್‌ಮಿಟರುಗಳನ್ನು ಒಮ್ಮೆಗೆ ಹಾಕಿದರೆ ಆಕಾಶದಲ್ಲಿರುವ ವಿಮಾನವು ಕಂಗೆಟ್ಟು ಬೀಳುವುದು. ಅದಕ್ಕಾಗಿ ಹಲಗೆಯೊಂದರಲ್ಲಿ ಚಾನಲಿಗೊಂದರಂತೆ ಗುರುತಿನ ಕ್ಲಿಪ್ಪು ಸಿಕ್ಕಿಸಿಟ್ಟಿರುವರು. ಅದನ್ನು ಕೈಗೆ ತೆಗೆದುಕೊಂಡವನಿಗೆ ಮಾತ್ರ ಟ್ರಾನ್ಸ್‌ಮಿಟರನ್ನು ಹಾಕುವ ಅಧಿಕಾರ. ಈಗಿನ ೨.೪ ಗಿಗಾಹರ್ಟ್ಸಿನ ಯಂತ್ರಗಳು ತಮ್ಮ ತಮ್ಮ ದಾರಿಯನ್ನು ತಾವೇ ಬೇರ್ಪಡಿಸಿಕೊಳ್ಳುವುದರಿಂದ ಆ ಹಲಗೆಯ ಅವಶ್ಯಕತೆ ಬಹುಮಟ್ಟಿಗೆ ಇಲ್ಲವಾಗಿದೆ. ನನ್ನ ಅವಸರದಿಂದ ಇನ್ನೊಬ್ಬನ ವಿಮಾನವು ಬೀಳಬಾರದೆಂದು ಕಾದುನಿಲ್ಲುವ ಗುಣದ ಅವಶ್ಯಕತೆ ಮಾತ್ರ ಇಲ್ಲವಾಗಿಲ್ಲ.

ಕಲಿಯುವವನಿಗೆ ಗುರುವು ಬೇಕೇ ಬೇಕು. ವಿಮಾನವು ದೂರಕ್ಕೆ ಹೋಗುವಾಗ ಎಡವು ಎಡವಾಗಿಯೂ ಬಲವು ಬಲವಾಗಿಯೂ ಇರುವುದು. ಅದು ನಮ್ಮ ಕಡೆಗೆ ತಿರುಗಿ ಬರುವಾಗ ಎಲ್ಲವೂ ಕನ್ನಡಿಯೊಳಗಿನಂತೆ ಅದಲುಬದಲಾಗುವುದು. ಹೊಸಬರು ಗಾಬರಿಗೊಂಡು ವಿಮಾನವನ್ನು ಕೆಡವುವುದು ಸಾಮಾನ್ಯವಾಗಿ ಆಗಲೇ. ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೆ ಕೋಲನ್ನು ಸರಿಸಿದರೆ ವಿಮಾನವು ಸಮವಾಗುವುದೆಂದು ಬಲ್ಲವರು ಹೇಳಿಕೊಡುವರು. ಗುರುಶಿಷ್ಯರಿಬ್ಬರ ಟ್ರಾನ್ಸ್‌ಮಿಟರುಗಳನ್ನು ಜೋಡಿಸಿ, ಶಿಷ್ಯನ ಕೈ ತಪ್ಪಿದ ಕೂಡಲೇ ಗುರುವು ತನ್ನ ಕೈಗೆ ತೆಗೆದುಕೊಳ್ಳುವ ಏರ್ಪಾಡೂ ಉಂಟು. ಸೈಕಲ್ಲನ್ನು ಕಲಿಯುವ ಮಗುವಿನ ಹಿಂದೆ ತಂದೆಯು ಕೈ ಹಿಡಿದು ಓಡುವಂತೆಯೇ ಇದು.

ವಿಮಾನವೋ ಮನುಷ್ಯನೋ?

ಈವರೆಗೆ ಹೇಳಿದ ನಿಯಮಗಳನ್ನೆಲ್ಲ ಬುದ್ಧಿಯುಳ್ಳವನು ಒಂದು ದಿನದಲ್ಲಿ ಕಲಿಯಬಹುದು. ಇನ್ನೊಂದುಂಟು, ಅದನ್ನು ಕಲಿಯಲು ಮನಸ್ಸು ಗಟ್ಟಿಯಾಗಬೇಕು.

ಬಾಲ್ಸಾ ಎಂಬ ಹಗುರವಾದ ಮರದ ತೆಳು ಪಟ್ಟಿಗಳನ್ನು ಕೊಯ್ದು, ಒಂದೊಂದು ಪಕ್ಕೆಲುಬನ್ನೂ ಉಜ್ಜಿ ಸಮಮಾಡಿ, ಅಂಟಿಸಿ, ಮೇಲೆ ಹೊದಿಕೆ ಹೊದಿಸಿ, ಬಣ್ಣ ಬಳಿದು, ಒಂದು ವಿಮಾನವನ್ನು ಕಟ್ಟಲು ತಿಂಗಳುಗಳೇ ಹಿಡಿಯುವುವು. ಎಷ್ಟೋ ರಾತ್ರಿಗಳ ನಿದ್ರೆ, ಎಷ್ಟೋ ದಿನ ಕೂಡಿಟ್ಟ ಹಣ ಅದರಲ್ಲಿ ಸೇರಿರುವುವು. ಅಂಥ ವಿಮಾನವು ಆಕಾಶದಲ್ಲಿರುವಾಗ ಏನೋ ಕೆಟ್ಟು, ಅರ್ಧ ಮಾತ್ರ ಹತೋಟಿಗೆ ಸಿಕ್ಕುತ್ತ, ಜನರಿರುವ ಕಡೆಗೆ ವಾಲತೊಡಗಿದರೆ ಏನು ಮಾಡಬೇಕು? ಉಳಿಸಿಕೊಳ್ಳಬಹುದೆಂಬ ಆಸೆ ಮನಸ್ಸಿನಲ್ಲಿ ಮಿಂಚುವುದು ಸಹಜ. ಇನ್ನೊಂದು ಸುತ್ತು ಬಂದರೆ ಸರಿಹೋದೀತು, ಆ ಮರದ ಆಚೆಗೆ ಇಳಿಸಬಹುದೇನೋ, ಎಂದು ಕೈ ತಡೆಯುವುದು. ಗಂಟೆಗೆ ೧೦೮ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ೩೦ ಮೀಟರು. ಒಂದೇ ಒಂದು ಸೆಕೆಂಡು ಹಿಂದುಮುಂದು ನೋಡುವಷ್ಟರಲ್ಲಿ ವಿಮಾನವು ನೂರು ಅಡಿ ಮುಂದಕ್ಕೆ ಬಂದಿರುವುದು. ಗೆರೆಯಿಂದ ಮಕ್ಕಳು ಕುಳಿತಿರುವ ಜಾಗಕ್ಕೆ ನೂರು ಅಡಿಯಿದ್ದೀತೆ?

ಆದುದರಿಂದ ಇಲ್ಲಿ ಸಂಶಯವೇ ಕೂಡದೆಂಬುದು ಬಲ್ಲವರ ಮತ. ಹತೋಟಿಯ ಬಗೆಗೆ ಅನುಮಾನ ಹುಟ್ಟಿದಾಗ ಮೊದಲು ಮೋಟಾರನ್ನು ನಿಲ್ಲಿಸಬೇಕು. ಜನರಿಲ್ಲದ ಕಡೆಗೆ ಮೂತಿಯನ್ನು ತಿರುಗಿಸಿ, ಬೇಕಾದರೆ ತನ್ನ ಕೈಯಾರೆ ಅದನ್ನು ನೆಲಕ್ಕೆ ಅಪ್ಪಳಿಸಬೇಕು. ವಿಮಾನವು ಹೋದರೆ ಮತ್ತೊಂದನ್ನು ಕಟ್ಟಬಹುದು. ಈ ನಿರ್ಧಾರವನ್ನು ಆಪತ್ತು ಬಂದಾಗ ಮಾಡಲು ವೇಳೆಯಿರುವುದಿಲ್ಲವಾದುದರಿಂದ, ಮನೆಯಿಂದ ಹೊರಡುವಾಗಲೇ ಮಾಡಿರಬೇಕು. ಇಂದು ಇದು ಮುರಿದರೂ ಮುರಿಯಬಹುದೆಂದು ಒಪ್ಪಿಕೊಳ್ಳಲಾರದವನು ಅದನ್ನು ಗೂಡಿನಲ್ಲಿಟ್ಟು ನೋಡಿ ಸಂತೋಷಪಡಲಿ, ಹಾರಿಸುವುದು ಬೇಡ.

ಮಕ್ಕಳ ವಿಷಯದಲ್ಲಿ ಇದಕ್ಕೆ ತಂದೆತಾಯಿಗಳ ಪಾಲೂ ಸೇರಿರುವುದು. ಮುರಿದ ವಿಮಾನವನ್ನು ಹೊತ್ತು ಮನೆಗೆ ಬಂದ ಹುಡುಗನನ್ನು ‘ಇಷ್ಟು ಹಣ ಹಾಳುಮಾಡಿದೆಯಲ್ಲಾ!’ ಎಂದು ಗದರಿಸುವ ಮನೆಯಲ್ಲಿ ಬೆಳೆದವನು, ಮುಂದೆ ಅಂಥ ಗಳಿಗೆ ಒದಗಿದಾಗ ಹಣವನ್ನೇ ನೆನೆಯುವನು, ಮನುಷ್ಯರನ್ನಲ್ಲ. ‘ಯಾರಿಗೂ ಪೆಟ್ಟಾಗಲಿಲ್ಲವಷ್ಟೆ?’ ಎಂಬುದು ಹಿರಿಯರ ಬಾಯಿಂದ ಬರುವ ಮೊದಲ ಪ್ರಶ್ನೆಯಾಗಬೇಕು. ಲೆಕ್ಕವನ್ನು ಮಾರನೆಯ ದಿನ ಕೇಳಿದರೂ ನಡೆಯುವುದು.

ಹೊಲದವರು ಮತ್ತು ನೋಡಬಂದವರು

ನಮ್ಮ ದೇಶದಲ್ಲಿ ನಿರ್ಜನವಾದ ಬಯಲೆಂಬುದು ಬಹುಮಟ್ಟಿಗೆ ಹೆಸರಿಗೆ ಮಾತ್ರ. ಬೆಳಗ್ಗೆ ಬರಿದಾಗಿದ್ದ ಕೆರೆಯಂಗಳಕ್ಕೆ ಹತ್ತು ಗಂಟೆಗೆ ದನಕರುಗಳು ಬರುವುವು. ಕುರಿಯ ಮಂದೆ ಬರುವುದು. ವಿಮಾನದ ಸದ್ದು ಕೇಳಿ ಹಳ್ಳಿಯ ಮಕ್ಕಳು ಹಿಂಡುಹಿಂಡಾಗಿ ಓಡಿಬರುವರು. ಅವರು ಬಂದುದು ಅಪರಾಧವಲ್ಲ. ಆ ನೆಲವು ನಮಗಿಂತ ಮೊದಲು ಅವರದು. ದನ ಕಾಯುವವನು ಬಯಲನ್ನು ದಾಟುವಾಗ ವಿಮಾನವನ್ನು ಇಳಿಸಿ ಕಾಯಬೇಕೇ ಹೊರತು ‘ಬೇಗ ಹೋಗು’ ಎಂದು ಅವನನ್ನು ಗದರಿಸುವುದು ಸಭ್ಯತೆಯಲ್ಲ. ಬೆದರಿದ ಎತ್ತು ಯಾರನ್ನು ತುಳಿಯುವುದೋ ಬಲ್ಲವರಾರು? ಮಕ್ಕಳನ್ನು ಗೆರೆಯ ಹಿಂದೆ ಕುಳ್ಳಿರಿಸಿ, ಒಬ್ಬರು ಅವರ ಜೊತೆಯಲ್ಲಿದ್ದು, ನಡೆಯುತ್ತಿರುವುದೇನೆಂಬುದನ್ನು ಅವರಿಗೆ ತಿಳಿಯಹೇಳಬೇಕು. ಹೇಳಿಸಿಕೊಂಡ ಮಗು ಕಾವಲುಗಾರನಾಗುವುದು. ಅಟ್ಟಿಸಿಕೊಂಡ ಮಗು ಮತ್ತೊಂದು ಕಡೆಯಿಂದ ನುಗ್ಗುವುದು. ವಿಮಾನವು ಬಿದ್ದೊಡನೆ ಅದನ್ನು ಹಿಡಿಯಲು ಮಕ್ಕಳು ಓಡದಂತೆ ಮಾತ್ರ ಬಹಳ ಎಚ್ಚರ ವಹಿಸಬೇಕು. ಬಿದ್ದ ವಿಮಾನದ ಮೋಟಾರು ಇನ್ನೂ ತಿರುಗುತ್ತಿರಬಹುದು.

ವಿಮಾನವು ರಾಗಿಯ ಹೊಲದಲ್ಲೋ ಕಡಲೆಕಾಯಿಯ ಹೊಲದಲ್ಲೋ ಬಿದ್ದರೆ ಒಡೆಯನನ್ನು ಕೇಳಿ, ಒಬ್ಬನೇ ಸಾಲಿನ ನಡುವೆ ಹೆಜ್ಜೆಯಿಟ್ಟು ಹೋಗಿ ತರಬೇಕು. ಮುರಿದ ಪ್ರೊಪೆಲರಿನ ಚೂರು, ತಂತಿಯ ತುಂಡು, ಬ್ಯಾಟರಿಯ ಪೊರೆ, ಒಂದನ್ನೂ ಬಿಡದೆ ಆರಿಸಿಕೊಳ್ಳತಕ್ಕದ್ದು. ಮೇವಿನ ಜೊತೆಗೆ ದನವು ಅದನ್ನು ನುಂಗಬಹುದು. ಪೆಟ್ಟು ತಿಂದ ಬ್ಯಾಟರಿಯನ್ನು ಕೂಡಲೇ ಚೀಲಕ್ಕೋ ಕಾರಿಗೋ ಹಾಕಬಾರದು. ಹೊರಗೆ ನೋಡಲು ಚೆನ್ನಾಗಿದ್ದರೂ ಒಳಗೆ ಕೆಟ್ಟಿರುವ ಬ್ಯಾಟರಿಯು ಸ್ವಲ್ಪ ಹೊತ್ತಿನ ಮೇಲೆ ಹೊತ್ತಿಕೊಳ್ಳುವುದುಂಟು. ಅದನ್ನು ಬಯಲಿನಲ್ಲಿ, ಒಣಹುಲ್ಲಿಲ್ಲದ ಕಡೆ ಮರಳಿನ ಮೇಲಿಟ್ಟು ಬಹಳ ಹೊತ್ತು ಕಾದು ನೋಡಬೇಕು. ಬೇಸಗೆಯ ಒಣಹುಲ್ಲಿನ ಕಾಲದಲ್ಲಿ ಈ ಎಚ್ಚರವನ್ನು ಮರೆತರೆ ಇಡೀ ಹುಲ್ಲುಗಾವಲೇ ಬೂದಿಯಾದೀತು. ಆಕಾಶದಲ್ಲಿ ಸುತ್ತುವ ಗರುಡ, ಹದ್ದುಗಳನ್ನು ವಿಮಾನದಿಂದ ಅಟ್ಟಿಸಿಕೊಂಡು ಹೋಗುವುದು ಕ್ರೌರ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನೋಡಲು ಹೋಗುವ ಗೃಹಸ್ಥರಿಗೂ ಒಂದೆರಡು ಮಾತು. ಹಾರಿಸುತ್ತಿರುವವನನ್ನು ಮಾತನಾಡಿಸಬೇಡಿರಿ, ಅವನು ಇಳಿಸಿದ ಮೇಲೆ ಎಷ್ಟು ಪ್ರಶ್ನೆ ಕೇಳಿದರೂ ಸಂತೋಷದಿಂದ ಹೇಳುವನು. ಮಕ್ಕಳ ಕೈಯನ್ನು ಹಿಡಿದಿರಿ. ಕೂತು ಉಣ್ಣುವುದೇನಿದ್ದರೂ ವಾಹನಗಳ ಹಿಂದೆ ಇಟ್ಟುಕೊಳ್ಳಿರಿ. ‘ಹುಷಾರು!’ ಎಂಬ ಕೂಗು ಕೇಳಿದರೆ ಮೊದಲು ತಲೆಯೆತ್ತಿ ವಿಮಾನವೆಲ್ಲಿದೆಯೆಂದು ನೋಡಿ, ಆಮೇಲೆ ಸರಿಯಿರಿ. ನೋಡದೆ ಓಡುವವನು ಅದರ ದಾರಿಗೇ ಅಡ್ಡಬರಬಹುದು.

ನಿಮ್ಮ ಮಕ್ಕಳನ್ನು ಯಾವ ಸಂಘಕ್ಕೆ ಸೇರಿಸಬೇಕೆಂಬ ಪ್ರಶ್ನೆ ಬಂದಾಗ, ಅಲ್ಲಿ ಎಷ್ಟು ದೊಡ್ಡ ವಿಮಾನಗಳಿವೆ, ಎಂಥ ಚಮತ್ಕಾರಗಳನ್ನು ತೋರಿಸುವರು ಎಂದು ಮೊದಲು ಕೇಳಬೇಡಿರಿ. ಒಂದು ಬೆಳಗ್ಗೆ ಸುಮ್ಮನೆ ಹೋಗಿ ಗೆರೆಯ ಹಿಂದೆ ಕುಳಿತು ನೋಡಿರಿ. ದನಗಾಹಿ ಬಂದಾಗ ವಿಮಾನಗಳು ಇಳಿಯುವುವೇ? ಹಿರಿಯನು ತಪ್ಪಿದಾಗ ಕಿರಿಯನು ಹೇಳಬಹುದೇ, ಹೇಳಿದರೆ ಹಿರಿಯನು ಕೇಳುವನೇ? ಜನರ ಕಡೆಗೆ ವಾಲಿದ ತನ್ನ ವಿಮಾನವನ್ನು ಒಬ್ಬನು ನೆಲಕ್ಕೆ ಕೆಡವಿ ಚೂರುಚೂರು ಮಾಡಿಕೊಂಡಾಗ, ಉಳಿದವರು ನಗುವರೋ, ಅಥವಾ ಹತ್ತಿರ ಹೋಗಿ ಅವನ ಬೆನ್ನು ತಟ್ಟಿ ಚೂರುಗಳನ್ನು ಆರಿಸಿಕೊಡುವರೋ? ಬೆನ್ನು ತಟ್ಟುವ ಬಯಲಾದರೆ ನಿಶ್ಚಿಂತೆಯಿಂದ ಮಗುವನ್ನು ಅಲ್ಲಿಗೆ ಕಳುಹಿಸಬಹುದು.